ಋಣ ತೀರಿಸುವುದೆಂದರೆ ಮಾತು ಕೇಳುವುದೇ? ಪ್ರೌಢಶಾಲೆಯೊಂದರ ‘ಶನಿವಾರದ ಮಾತು’: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಮಲೆನಾಡಿನ ಒಂದು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗೆ ಸೇರಿದ್ದು. ನಾನು ಅಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ‘ಶನಿವಾರದ ಮಾತು’ ಎಂಬುದು ಮಕ್ಕಳು ಶನಿವಾರ ವೃತ್ತವಾಗಿ ಕೂತು ತಮ್ಮ ನಿರ್ಧಾರಗಳ ಬಗ್ಗೆ ಮಾತನಾಡುವ ಅವಧಿ. ಪ್ರಕರಣದ ಕೇಂದ್ರದಲ್ಲಿರುವ ವಿದ್ಯಾರ್ಥಿನಿಯನ್ನು ಇಲ್ಲಿ ಸುಧಾ ಎಂದು ಕರೆದಿದ್ದೇನೆ. ಅದು ಅವಳ ಹೆಸರಲ್ಲ. ಊರು, ವರ್ಷ, ಬಂಧುಗಳ ಉದ್ಯೋಗ ಮುಂತಾಗಿ ಗುರುತು ಹಿಡಿಯಲು ನೆರವಾಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ ಇಲ್ಲವೇ ಬದಲಿಸಿದ್ದೇನೆ. ಕರಡನ್ನು ಅವಳೂ ಅವಳ ತಾಯಿಯೂ ಓದಿ, ಎರಡು ಕಡೆ ತಿದ್ದಿಸಿ, ಒಪ್ಪಿಗೆ ಕೊಟ್ಟಿದ್ದಾರೆ. ಹದಿಹರೆಯದವರೊಡನೆ ಅವರ ಬದುಕಿನ ನಂಬಿಕೆಗಳ ಬಗ್ಗೆ ಮಾತನಾಡಬಯಸುವ ಶಿಕ್ಷಕರಿಗೆ, ಎಲ್ಲಿ ಯಾವ ತೀರ್ಮಾನ ತೆಗೆದುಕೊಳ್ಳಬೇಕಾಗಿ ಬಂತು, ಅದರಿಂದ ಏನಾಯಿತು ಎಂಬುದು ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಸುಧಾಳ ತಂದೆಗೆ ಸ್ವಲ್ಪ ಅಡಿಕೆ ತೋಟವಿದೆ. ಎಲೆಚುಕ್ಕಿ ರೋಗ ತೋಟವನ್ನು ಹೊಕ್ಕ ಮೇಲೆ ಇಳುವರಿ ಕುಸಿದು, ಮನೆಯ ಖರ್ಚಿನ ದೊಡ್ಡ ಪಾಲನ್ನು ಬೆಂಗಳೂರಿನಲ್ಲಿರುವ ಸೋದರಮಾವ ಹೊತ್ತುಕೊಂಡಿದ್ದರು. ಅವಳ ಟ್ಯೂಷನ್ನಿನ ಫೀಸು, ತಮ್ಮನ ಪುಸ್ತಕ, ಹಬ್ಬದ ಬಟ್ಟೆ ಎಲ್ಲವೂ ಅವರ ಕಡೆಯಿಂದಲೇ ಬರುತ್ತಿದ್ದವು. ತರಗತಿಯಲ್ಲಿ ಸುಧಾ ಮೊದಲ ಸ್ಥಾನದವಳು. ಹತ್ತನೇ ತರಗತಿ ಮುಗಿದೊಡನೆ ಕರಾವಳಿಯ ಒಂದು ವಸತಿ ಪಿಯು ಕಾಲೇಜಿನಲ್ಲಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ), ಜೊತೆಗೆ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ತರಬೇತಿ, ಆಮೇಲೆ ಎಂಬಿಬಿಎಸ್ ಎಂಬುದು ಮಾವ ಹಾಕಿದ ದಾರಿ. ಅದಕ್ಕೆ ಬೇಕಾಗುವ ಲಕ್ಷಗಳನ್ನು ಹೊಂದಿಸಲು ಅವರು ಸಾಲ ಮಾಡಲೂ ಸಿದ್ಧರಿದ್ದರು.

ನಮ್ಮ ಶಾಲೆಯಲ್ಲಿ ಜೀವನದ ಆಯ್ಕೆಗಳ ಬಗ್ಗೆ ಮಕ್ಕಳೊಡನೆ ಮಾತು ಅದುವರೆಗೆ ಎರಡೇ ರೂಪದಲ್ಲಿ ನಡೆಯುತ್ತಿತ್ತು. ಒಂದು, ‘ನನ್ನ ಜೀವನದ ಗುರಿ’ ಎಂಬ ಪ್ರಬಂಧ. ಇನ್ನೊಂದು, ವರ್ಷಕ್ಕೊಮ್ಮೆ ನಡೆಯುವ ವೃತ್ತಿ ಮಾರ್ಗದರ್ಶನ. ಎರಡನೆಯದರಿಂದ ನಿಜವಾದ ಲಾಭವಿತ್ತು: ಪಿಯುಸಿಯಲ್ಲದೆ ಮೂರು ವರ್ಷದ ಡಿಪ್ಲೊಮಾ ಇದೆ, ಅದನ್ನು ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎರಡನೇ ವರ್ಷದ ಎಂಜಿನಿಯರಿಂಗಿಗೆ ಸೇರಬಹುದು, ಒಂದೆರಡು ವರ್ಷದ ಐಟಿಐ ಕೋರ್ಸುಗಳಿವೆ ಎಂಬ ಮಾಹಿತಿ ಎಷ್ಟೋ ಮನೆಗಳಿಗೆ ತಲುಪಿದ್ದೇ ಅಲ್ಲಿಂದ. ಆದರೆ ಪ್ರಬಂಧದಲ್ಲಿ ಮಕ್ಕಳು ಬರೆಯುತ್ತಿದ್ದದ್ದು ವೈದ್ಯ, ಐಎಎಸ್, ಸೈನಿಕ, ಶಿಕ್ಷಕ ಎಂಬ ನಾಲ್ಕು ಉತ್ತರಗಳನ್ನು, ಅದೂ ಗೈಡಿನ ವಾಕ್ಯಗಳಲ್ಲಿ. ಸುಧಾಳ ಪ್ರಬಂಧ ಅತ್ಯಂತ ಚೆನ್ನಾಗಿತ್ತು. ಬಡವರ ಸೇವೆಗಾಗಿ ವೈದ್ಯೆಯಾಗುತ್ತೇನೆ ಎಂದು ಎರಡು ಪುಟ ಬರೆದಿದ್ದಳು. ಯಾವ ಬಗೆಯ ವೈದ್ಯೆ, ಯಾವ ರೋಗಿಯ ಮುಂದೆ ಕೂತಿರುವುದಾಗಿ ಕಲ್ಪಿಸಿಕೊಳ್ಳುತ್ತೀಯ ಎಂದು ಕೇಳಿದಾಗ ಅವಳ ಬಳಿ ಒಂದು ವಾಕ್ಯವೂ ಇರಲಿಲ್ಲ.

ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ, ಎರಿಕ್ ಎರಿಕ್‌ಸನ್ನರ ವಿಚಾರವನ್ನು ಮುಂದುವರಿಸಿ, ಹರೆಯದವರು ತಮ್ಮ ಗುರುತನ್ನು ಕಂಡುಕೊಳ್ಳುವ ಬಗೆಯನ್ನು 1966ರಲ್ಲಿ ನಾಲ್ಕು ಸ್ಥಿತಿಗಳಾಗಿ ವಿಂಗಡಿಸಿದ್ದರು. ಅವುಗಳಲ್ಲೊಂದು, ಹುಡುಕಾಟವೇ ನಡೆಯದೆ ಬಂದ ಬದ್ಧತೆ: ದಾರಿ ಖಚಿತವಾಗಿರುತ್ತದೆ, ಆದರೆ ಅದನ್ನು ಬೇರೆಯವರು ಖಚಿತಪಡಿಸಿರುತ್ತಾರೆ. ಹೊರಗಿನಿಂದ ನೋಡುವವರಿಗೆ ಇಂಥ ಮಕ್ಕಳು ಸಮಸ್ಯೆಯಾಗಿ ಕಾಣುವುದೇ ಇಲ್ಲ. ಗಲಾಟೆ ಮಾಡುವ ಹುಡುಗನ ಬಗ್ಗೆ ಶಿಕ್ಷಕರ ಕೊಠಡಿಯಲ್ಲಿ ದಿನವೂ ಚರ್ಚೆಯಾಗುತ್ತದೆ, ಸುಧಾಳಂಥವರ ಬಗ್ಗೆ ಆಗುವುದಿಲ್ಲ. ಅವಳು ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನು ನಿಲ್ಲಿಸಿ ಬಹಳ ದಿನಗಳಾಗಿದ್ದವು ಎಂಬುದನ್ನು ವಿಜ್ಞಾನ ಶಿಕ್ಷಕರು ಹೇಳಿದಾಗಲೇ ನನ್ನ ಗಮನ ಆ ಕಡೆ ಗಟ್ಟಿಯಾಗಿ ಹರಿದದ್ದು.

ವೃತ್ತದ ಕಟ್ಟುಪಾಡು

ಒಂಬತ್ತನೇ ತರಗತಿಯವರೊಡನೆ ಶನಿವಾರ ಬೆಳಗಿನ ಕೊನೆಯ ಅವಧಿಯಲ್ಲಿ ಗ್ರಂಥಾಲಯದ ನೆಲದ ಮೇಲೆ ವೃತ್ತವಾಗಿ ಕೂರುವುದೆಂದು ನಿಶ್ಚಯಿಸಿದೆವು. ಮಕ್ಕಳು ಅದನ್ನು ‘ಶನಿವಾರದ ಮಾತು’ ಎಂದೇ ಕರೆದರು. ಗುರಿ, ಮೌಲ್ಯ, ಆದರ್ಶ ಎಂಬ ಪದಗಳನ್ನು ಆರಂಭದಲ್ಲಿ ಬಳಸುವುದೇ ಇಲ್ಲವೆಂಬುದು ನನ್ನ ಮೊದಲ ತೀರ್ಮಾನ. ಆ ಪದಗಳು ಕಿವಿಗೆ ಬಿದ್ದೊಡನೆ ಮಕ್ಕಳು ಭಾಷಣ ಸ್ಪರ್ಧೆಯ ದನಿಗೆ ಹೊರಳುತ್ತಾರೆ. ಅದರ ಬದಲು, ಇತ್ತೀಚೆಗೆ ನೀವಾಗಿಯೇ ತೆಗೆದುಕೊಂಡ ಒಂದು ಸಣ್ಣ ನಿರ್ಧಾರವನ್ನು ತನ್ನಿ ಎಂದು ಕೇಳಿದೆ. ಏನು ಮಾಡಿದಿರಿ, ಬೇರೆ ಏನು ಮಾಡಬಹುದಿತ್ತು, ಆಗ ಮನಸ್ಸಿನಲ್ಲಿ ಯಾರಿದ್ದರು ಎಂಬುದನ್ನಷ್ಟೇ ಹೇಳಬೇಕು. ಉಳಿದವರು ಪ್ರಶ್ನೆ ಕೇಳಬಹುದು, ಸಲಹೆ ಕೊಡುವಂತಿಲ್ಲ. ಈ ನಿಯಮ ನನಗೂ ಅನ್ವಯಿಸುತ್ತಿತ್ತು. ಮಾತನಾಡಲು ಇಷ್ಟವಿಲ್ಲದವರು ‘ಇವತ್ತು ಬೇಡ’ ಎಂದರೆ ಮುಗಿಯಿತು, ಕಾರಣ ಕೇಳುವ ಹಾಗಿಲ್ಲ.

ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್ ಕೊಟ್ಟೆವು. ಅದನ್ನು ಶಿಕ್ಷಕರು ಓದುವುದಿಲ್ಲ, ತಿದ್ದುವುದಿಲ್ಲ, ಅದಕ್ಕೆ ಅಂಕವಿಲ್ಲ. ಗುಟ್ಟು ಕಾಯುವ ಮಾತಿಗೂ ಒಂದು ಮಿತಿಯಿದೆ ಎಂಬುದನ್ನು ಮೊದಲ ದಿನವೇ ಬಿಡಿಸಿ ಹೇಳಿದೆ: ಯಾರಾದರೂ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಮಾತನ್ನಾಡಿದರೆ, ಯಾರಿಗಾದರೂ ದೌರ್ಜನ್ಯವಾಗುತ್ತಿದ್ದರೆ, ಬಾಲ್ಯವಿವಾಹದ ಸುಳಿವು ಸಿಕ್ಕರೆ ನಾನು ಸುಮ್ಮನಿರಲಾರೆ; ಲೈಂಗಿಕ ದೌರ್ಜನ್ಯದ ವಿಷಯದಲ್ಲಂತೂ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗಳನ್ನು ಗ್ರಂಥಾಲಯದ ಬಾಗಿಲಿನ ಒಳಬದಿಗೆ ಅಂಟಿಸಿದೆವು. ಈ ಮಿತಿಯನ್ನು ಮೊದಲೇ ಹೇಳಿದರೆ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ಸಹೋದ್ಯೋಗಿಯೊಬ್ಬರಿಗೆ ಅನುಮಾನವಿತ್ತು. ಹಾಗಾಗಲಿಲ್ಲ. ನಿಯಮ ಸ್ಪಷ್ಟವಿದ್ದ ಕಾರಣಕ್ಕೇ ಮಾತು ಸುಲಭವಾಯಿತೆಂದು ಮಕ್ಕಳು ಆಮೇಲೆ ಹೇಳಿದರು.

ಮೊದಲ ವಾರಗಳಲ್ಲಿ ಬಂದದ್ದು ಸಣ್ಣಪುಟ್ಟ ಸಂಗತಿಗಳು. ಒಬ್ಬ ಹುಡುಗ, ಅಡಿಕೆ ಕೊನೆಕೊಯ್ಲಿನ ಕಾಲದಲ್ಲಿ ಸುಲಿಯುವ ಕೂಲಿ ಸಿಗುತ್ತದೆಂದು ಕಬಡ್ಡಿ ಅಭ್ಯಾಸ ಬಿಟ್ಟದ್ದನ್ನು ಹೇಳಿದ. ಮನೆಗೆ ನೆರವಾಗುವುದು ಮುಖ್ಯ ಎಂದ. “ಆ ದುಡ್ಡಲ್ಲಿ ಏನು ತಗೊಂಡೆ?” ಎಂದು ಪಕ್ಕದವನು ಕೇಳಿದಾಗ, ಕಬಡ್ಡಿಗೆ ಶೂ ತೆಗೆದುಕೊಂಡೆ ಎಂದು ಉತ್ತರಿಸಿ ತಾನೇ ತಬ್ಬಿಬ್ಬಾದ. ತನಗೆ ಯಾವುದು ಮುಖ್ಯ ಎಂದು ಅವನು ಅಂದುಕೊಂಡಿದ್ದಕ್ಕೂ ಅವನು ನಡೆದುಕೊಂಡಿದ್ದಕ್ಕೂ ನಡುವೆ ಇದ್ದ ಅಂತರವನ್ನು ಇಡೀ ವೃತ್ತ ಒಮ್ಮೆಗೇ ಕಂಡಿತು. ದೊಡ್ಡವರು ಕೇಳಿದ್ದರೆ ಅದೇ ಪ್ರಶ್ನೆ ತನಿಖೆಯಾಗುತ್ತಿತ್ತು.

ಸುಧಾಳ ಸರದಿ

ಹಲವು ವಾರ ‘ಇವತ್ತು ಬೇಡ’ ಎಂದಿದ್ದ ಸುಧಾ ಜನವರಿಯ ಒಂದು ಶನಿವಾರ ಬಾಯಿ ಬಿಟ್ಟಳು. ಅವಳು ತಂದದ್ದು ದೀಪಾವಳಿಯ ಬಟ್ಟೆಯ ವಿಷಯ. ಮಾವ ಅಂಗಡಿಯಿಂದ ವಿಡಿಯೊ ಕರೆ ಮಾಡಿ ಎರಡು ಚೂಡಿದಾರ ತೋರಿಸಿ ಯಾವುದು ಬೇಕೆಂದು ಕೇಳಿದ್ದರು. ಯಾವುದಾದರೂ ಆಗುತ್ತದೆ ಎಂದಿದ್ದಳು. ಒಂದು ಅವಳಿಗೆ ತುಂಬ ಇಷ್ಟವಾಗಿತ್ತು. ಬಂದದ್ದು ಇನ್ನೊಂದು.

ಇಷ್ಟೇ ತಾನೇ ಎಂಬಂತೆ ಕೆಲವರು ನಕ್ಕರು. ಆಗ ಅವಳ ಗೆಳತಿಯೊಬ್ಬಳು, “ನೀನು ‘ಬೇಡ’ ಅಂತ ಯಾರಿಗೆಲ್ಲ ಹೇಳ್ತೀಯ?” ಎಂದು ಕೇಳಿದಳು. ಅಮ್ಮನಿಗೆ ಹೇಳುತ್ತೇನೆ, ತಮ್ಮನಿಗೆ ಹೇಳುತ್ತೇನೆ, ಅಪ್ಪನಿಗೂ ಒಮ್ಮೊಮ್ಮೆ ಹೇಳಿದ್ದೇನೆ ಎಂದು ಲೆಕ್ಕ ಹಾಕಿದ ಸುಧಾ ಕೊಂಚ ತಡೆದು, “ಮಾವನಿಗೆ ಯಾವತ್ತೂ ಹೇಳಿಲ್ಲ. ಅವರು ಫೀಸು ಕಟ್ತಾರೆ” ಎಂದಳು.

ಇಲ್ಲಿ ನಾನು ಏನಾದರೂ ಹೇಳಬಹುದಿತ್ತು. ಮಾವ ನಿನ್ನ ಒಳ್ಳೆಯದಕ್ಕೇ ಮಾಡುತ್ತಾರೆ ಎಂದೋ, ನಿನ್ನ ಬದುಕು ನಿನ್ನದು ಎಂದೋ. ಎರಡೂ ಹದಿನೈದು ವರ್ಷದವಳ ಆಲೋಚನೆಯನ್ನು ಅಲ್ಲಿಗೇ ನಿಲ್ಲಿಸುವ ಮಾತುಗಳೇ ಎಂದು ಸುಮ್ಮನೆ ಉಳಿದೆ. ಆ ಮೌನದಲ್ಲಿ ಎದುರಿಗೆ ಕೂತಿದ್ದ ಹುಡುಗನೊಬ್ಬ ಕೇಳಿದ: “ಹಾಗಾದ್ರೆ ಫೀಸು ಕಟ್ಟೋರಿಗೆ ಬೇಡ ಅನ್ನಬಾರದಾ?”

ಆ ಪ್ರಶ್ನೆ ಬೇಸಿಗೆ ರಜೆಯವರೆಗೂ ನಡೆಯಿತು. ನನ್ನ ಅನುಭವದಲ್ಲಿ ತರಗತಿಯೊಂದು ಇಷ್ಟು ಗಂಭೀರವಾಗಿ ಯೋಚಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದಕ್ಕೇ ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಕೆಲವರ ವಾದ ನೇರವಾಗಿತ್ತು. ಪಡೆದವರು ಋಣದಲ್ಲಿರುತ್ತಾರೆ, ಕೊಟ್ಟವರು ಬಯಸಿದ್ದನ್ನು ಮಾಡುವುದೇ ಋಣ ತೀರಿಸುವ ದಾರಿ, ಇಲ್ಲದಿದ್ದರೆ ಉಂಡ ಮನೆಗೆ ಎರಡು ಬಗೆದಂತೆ. ಇನ್ನು ಕೆಲವರು, ಮಾವನಿಗೂ ಯಾರಾದರೂ ಸಹಾಯ ಮಾಡಿರಲೇಬೇಕಲ್ಲ, ಅವರು ಅದನ್ನು ಆ ವ್ಯಕ್ತಿಗೇ ತಿರುಗಿಸಿದರೋ ಅಥವಾ ಸುಧಾಳಿಗೆ ಕೊಡುತ್ತಿದ್ದಾರೋ ಎಂದು ಕೇಳಿದರು. ಅಂದರೆ ಋಣವನ್ನು ಹಿಂದಕ್ಕೇ ಕೊಡಬೇಕೆಂದಿಲ್ಲ, ಮುಂದಕ್ಕೂ ಕೊಡಬಹುದು. ಒಬ್ಬಳು ಎತ್ತಿದ ಪ್ರಶ್ನೆ ನನ್ನನ್ನೇ ಕದಲಿಸಿತು. ಈ ಮಕ್ಕಳೆಲ್ಲ ಒಂದನೇ ತರಗತಿಯಿಂದ ಶಾಲೆಯಲ್ಲಿ ಬಿಸಿಯೂಟ ಉಂಡವರು. ರಾಜ್ಯದಲ್ಲಿ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ, ಹಾಲು ಕೊಡುವ ಕ್ಷೀರಭಾಗ್ಯ 2013ರಲ್ಲಿ ಶುರುವಾದವು, ಪಠ್ಯಪುಸ್ತಕವೂ ಉಚಿತವೇ. “ಅದು ಎಲ್ಲರ ತೆರಿಗೆ ದುಡ್ಡು. ಆ ಋಣಾನ ಯಾರ ಮಾತು ಕೇಳಿ ತೀರಿಸೋದು?” ಎಂದು ಅವಳು ಕೇಳಿದಳು. ಪೌರನೀತಿಯ ಪಾಠದಲ್ಲಿ ನಾನು ಎಷ್ಟೋ ಸಲ ಹೇಳಿದ್ದ ವಿಷಯ, ತಾನೇ ಅನ್ನ ಉಂಡ ತಟ್ಟೆಯಿಂದ ಎದ್ದು ಬಂದಾಗ ಅದಕ್ಕೆ ಬೇರೆಯದೇ ತೂಕವಿತ್ತು. ಕೃತಜ್ಞತೆ ಬೇರೆ, ವಿಧೇಯತೆ ಬೇರೆ ಎಂಬ ವಿಂಗಡಣೆಗೆ ಅವರು ಬಂದು ತಲುಪಿದರು. ಎಲ್ಲರೂ ಒಪ್ಪಲಿಲ್ಲ. ಒಪ್ಪದವರ ವಾದವೂ ಬಲವಾಗಿಯೇ ಇತ್ತು: ಕೊಡುವವರು ತಮ್ಮ ಹೊಟ್ಟೆ ಕಟ್ಟಿ ಕೊಡುತ್ತಿರುವಾಗ ಪಡೆಯುವವರ ಇಷ್ಟ ದೊಡ್ಡದಾಗಬಾರದು ಎಂಬುದು ಅವರ ನಿಲುವು, ಮತ್ತು ಆ ಮಾತನ್ನು ಆಡಿದವರು ಬಡತನವನ್ನು ಹತ್ತಿರದಿಂದ ಕಂಡವರು.

ಸುಧಾ ಈ ಚರ್ಚೆಯಲ್ಲಿ ಮಾತನಾಡಿದ್ದು ಕಡಿಮೆ. ಬರೆಯುತ್ತಿದ್ದಳು.

ನೋಟ್‌ಬುಕ್ಕಿನ ಪ್ರಶ್ನೆ

ಹತ್ತನೇ ತರಗತಿಗೆ ಬಂದ ಮೇಲೆ ಒತ್ತಡದ ಸ್ವರೂಪ ಬದಲಾಯಿತು. 625ಕ್ಕೆ ಎಷ್ಟು ಎಂಬುದೊಂದೇ ಪ್ರಶ್ನೆ, ಸಂಜೆ ವಿಶೇಷ ತರಗತಿ, ತಾಲ್ಲೂಕಿನ ಫಲಿತಾಂಶದ ಲೆಕ್ಕ. ಮುಖ್ಯ ಶಿಕ್ಷಕರು ಪೂರ್ವಸಿದ್ಧತಾ ಪರೀಕ್ಷೆಯವರೆಗೆ ಮಾತ್ರ ವೃತ್ತ ನಡೆಸಲು ಒಪ್ಪಿದರು. ಜುಲೈನಲ್ಲಿ ಸುಧಾಳ ತಾಯಿ ಶಾಲೆಗೆ ಬಂದರು. “ಮೇಡಂ, ರಾತ್ರಿ ಕೂತು ಏನೋ ಬರೀತಾಳೆ, ಹತ್ತಿರ ಹೋದ್ರೆ ಮುಚ್ಚಿಡ್ತಾಳೆ. ನೀವು ಓದಿರ್ತೀರಲ್ಲ, ಏನಿದೆ ಅಂತ ನಮಗೂ ಹೇಳಿ” ಎಂದರು. ಅದೇ ವಾರ ಮಾವ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ, ಶಾಲೆಯಲ್ಲಿ ಮಕ್ಕಳಿಗೆ ಎದುರು ಮಾತನಾಡುವುದನ್ನು ಕಲಿಸುತ್ತಿದ್ದಾರೆಯೇ ಎಂದು ಕೇಳಿದ್ದರು.

ಇಡೀ ಪ್ರಕರಣದಲ್ಲಿ ಅತ್ಯಂತ ಕಠಿಣವಾದ ತೀರ್ಮಾನ ಇಲ್ಲಿತ್ತು. ತಾಯಿಯ ಆತಂಕ ನಿಜವಾದದ್ದು. ಹದಿಹರೆಯದ ಮಗಳು ಗುಟ್ಟಾಗಿ ಬರೆಯುತ್ತಾಳೆಂದರೆ ಯಾವ ತಾಯಿಗೂ ನೂರು ಅನುಮಾನ ಬರುತ್ತದೆ. ಆದರೆ ನೋಟ್‌ಬುಕ್ಕನ್ನು ತರಿಸಿ ತೋರಿಸಿದ್ದರೆ ಆ ಹುಡುಗಿಯಷ್ಟೇ ಅಲ್ಲ, ವೃತ್ತದಲ್ಲಿದ್ದ ಪ್ರತಿಯೊಬ್ಬರೂ ಮರುವಾರದಿಂದ ಮತ್ತೆ ಗೈಡಿನ ವಾಕ್ಯಗಳಿಗೆ ಹಿಂದಿರುಗುತ್ತಿದ್ದರು. ನಾನು ಅದನ್ನು ಓದಿಲ್ಲ, ಓದುವುದೂ ಇಲ್ಲ, ಅವಳ ಕ್ಷೇಮಕ್ಕೆ ಅಪಾಯವೆನಿಸುವ ಏನಾದರೂ ತಿಳಿದರೆ ಮೊದಲು ನಿಮಗೇ ಹೇಳುತ್ತೇನೆ ಎಂದು ತಾಯಿಗೆ ತಿಳಿಸಿದೆ. ಜೊತೆಗೆ, ಏನು ಬರೆದೆ ಎಂದು ಕೇಳುವ ಬದಲು ನೀವು ಹದಿನೈದರಲ್ಲಿದ್ದಾಗ ನಿಮ್ಮ ಬಗ್ಗೆ ಯಾರು ಏನು ತೀರ್ಮಾನಿಸಿದರು ಎಂಬುದನ್ನು ಅವಳಿಗೆ ಹೇಳಿ ನೋಡಿ ಎಂದೆ.

ವೃತ್ತವನ್ನು ನಿಲ್ಲಿಸುವ ಮಾತು ಬಂದಾಗ, ನಿಲ್ಲಿಸುವ ಮುನ್ನ ಪೋಷಕರನ್ನು ಒಮ್ಮೆ ಅದರಲ್ಲಿ ಕೂರಿಸೋಣ ಎಂದು ಮುಖ್ಯ ಶಿಕ್ಷಕರಲ್ಲಿ ಕೇಳಿಕೊಂಡೆ. ಮಕ್ಕಳು ಪ್ರತಿದಿನ ಪ್ರಾರ್ಥನೆಯ ವೇಳೆ ಸಂವಿಧಾನದ ಪೀಠಿಕೆಯಲ್ಲಿ ವಿಚಾರ ಸ್ವಾತಂತ್ರ್ಯವನ್ನು ಓದುತ್ತಾರೆ, ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಅಭಿಪ್ರಾಯ ಕೇಳಿ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕ ತೂಕ ಕೊಡಬೇಕೆನ್ನುತ್ತದೆ ಎಂಬುದನ್ನು ಅವರಿಗೆ ನೆನಪಿಸಿದೆ. ಅವರು ಒಪ್ಪಿದ್ದು ಈ ವಾದಕ್ಕಿಂತ ಹೆಚ್ಚಾಗಿ, ಸುಧಾ ವಿಜ್ಞಾನದ ತರಗತಿಯಲ್ಲಿ ಮತ್ತೆ ಪ್ರಶ್ನೆ ಕೇಳತೊಡಗಿದ್ದಾಳೆಂದು ಆ ಶಿಕ್ಷಕರು ಹೇಳಿದ ಮಾತಿಗೆ. ಆಗಸ್ಟಿನ ಆ ಸಭೆಗೆ ಬಂದ ಪೋಷಕರಲ್ಲಿ ತಾಯಂದಿರೇ ಹೆಚ್ಚು. ನಿಮ್ಮ ಬದುಕಿನ ಒಂದು ನಿರ್ಧಾರ ಹೇಳಿ ಎಂದಾಗ ಬಹುಮಂದಿ, ನಾವೆಲ್ಲಿ ನಿರ್ಧಾರ ಮಾಡಿದ್ದೇವೆ ಎಂದರು. ಮಕ್ಕಳು ನಿಯಮದಂತೆ ಪ್ರಶ್ನೆ ಮಾತ್ರ ಕೇಳಿದರು.

ಮಾವನ ಕಾರಣ

ದೀಪಾವಳಿಗೆ ಮಾವ ಊರಿಗೆ ಬರುವ ಮುನ್ನ ಸುಧಾ ವೃತ್ತದಲ್ಲಿ, ಅವರೊಡನೆ ಹೇಗೆ ಮಾತನಾಡಲಿ ಎಂದು ಕೇಳಿದಳು. ಸಲಹೆ ಕೊಡುವಂತಿಲ್ಲವಾದ್ದರಿಂದ ಸಹಪಾಠಿಗಳು ಪ್ರಶ್ನೆಗಳನ್ನೇ ಕೊಟ್ಟರು. ಅದರಲ್ಲೊಂದು: ನೀನು ಡಾಕ್ಟರ್ ಆಗಬೇಕೆಂದು ಅವರಿಗೆ ಯಾಕಿಷ್ಟು ಆಸೆ, ನಿನಗೆ ಗೊತ್ತಾ? ಗೊತ್ತಿರಲಿಲ್ಲ. ಹಾಗಾಗಿ ಅವಳು ತನ್ನ ಇಷ್ಟವನ್ನು ಹೇಳುವ ಮೊದಲು ಅವರ ಕಾರಣವನ್ನು ಕೇಳಿದಳು. ಅವಳ ಅಜ್ಜ, ಅಂದರೆ ಮಾವನ ತಂದೆ, ಎದೆನೋವೆಂದು ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲೇ ತೀರಿಕೊಂಡಿದ್ದರು. ಜೊತೆಯಲ್ಲಿದ್ದದ್ದು ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದ ಮಾವ. ಮನೆಗೊಬ್ಬ ಡಾಕ್ಟರ್ ಬೇಕೆಂಬುದು ಆ ರಾತ್ರಿ ಅವರು ಮಾಡಿಕೊಂಡ ಸಂಕಲ್ಪ.

ಈ ತಿಳಿವು ಸುಧಾಳ ಹಾದಿಯನ್ನು ಸುಗಮಗೊಳಿಸಲಿಲ್ಲ, ಇನ್ನಷ್ಟು ಕಷ್ಟಕ್ಕೆ ದೂಡಿತು. ಮಾವ ಬರಿಯ ಹಟಮಾರಿಯಾಗಿದ್ದರೆ ನಿರಾಕರಿಸುವುದು ಸುಲಭವಿತ್ತು. ಮುಂದಿನ ಎರಡು ಶನಿವಾರ ಅವಳು ಮತ್ತೆ ‘ಇವತ್ತು ಬೇಡ’ ಎಂದಳು. ಬಳಿಕ ತನ್ನ ತೀರ್ಮಾನವನ್ನು ಓದಿ ಹೇಳಿದಳು. ತನಗೆ ರೋಗಿಗಳ ಜೊತೆಗಿನ ಕೆಲಸದ ಕಲ್ಪನೆಯೇ ಬರುವುದಿಲ್ಲ, ಆದರೆ ಎಲೆಚುಕ್ಕಿ ಬಂದ ಮರವನ್ನು ದಿನವೂ ನೋಡುತ್ತ ಅದು ಯಾವ ಎಲೆಯಿಂದ ಯಾವ ಎಲೆಗೆ ಹರಡಿತೆಂದು ಗುರುತು ಹಾಕಿಕೊಳ್ಳುವುದು ಯಾರೂ ಹೇಳದೆಯೇ ತಾನು ಮಾಡುತ್ತಿರುವ ಕೆಲಸ. ಹಾಗಾಗಿ ತಾಲ್ಲೂಕು ಕೇಂದ್ರದ ಸರ್ಕಾರಿ ಪಿಯು ಕಾಲೇಜಿನಲ್ಲೇ ಪಿಸಿಎಂಬಿ ಓದುತ್ತೇನೆ, ವಸತಿ ಕಾಲೇಜಿನ ಸಾಲ ಬೇಡ, ಕೃಷಿ ಅಥವಾ ತೋಟಗಾರಿಕೆಯ ಪದವಿಗೆ ಸಿಇಟಿ ಬರೆಯುತ್ತೇನೆ. ಜಿಲ್ಲೆಯಲ್ಲೇ, ಇರುವಕ್ಕಿ ಎಂಬ ಊರಿನಲ್ಲಿ, ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇರುವುದನ್ನು ಅವಳು ತಾನೇ ವಿಚಾರಿಸಿ ತಿಳಿದಿದ್ದಳು. ಪಿಸಿಎಂಬಿ ಓದಿದರೆ ನೀಟ್‌ನ ಬಾಗಿಲೂ ಮುಚ್ಚುವುದಿಲ್ಲ ಎಂಬುದನ್ನು ಸೇರಿಸಿದ್ದಳು. ಅದು ಮಾವನನ್ನು ಸಮಾಧಾನಪಡಿಸಲು ಬರೆದದ್ದಲ್ಲ, ತನ್ನ ಮನಸ್ಸು ಬದಲಾಗಬಹುದೆಂದು ಅವಳೇ ಉಳಿಸಿಕೊಂಡ ಜಾಗ ಎಂದು ನಾನು ತಿಳಿದಿದ್ದೇನೆ.

ಮಾವನಿಗೆ ಇದನ್ನು ಫೋನಿನಲ್ಲಿ ಹೇಳಿದಳು. ಅವರು ಜಗಳವಾಡಲಿಲ್ಲ, ಕರೆ ಮಾಡುವುದನ್ನು ನಿಲ್ಲಿಸಿದರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವವರೆಗೂ ಆ ಮೌನ ನಡೆಯಿತು. ಪರೀಕ್ಷೆಯ ಹೊಸ್ತಿಲಲ್ಲಿ ಅದು ಅವಳನ್ನು ಎಷ್ಟು ನೋಯಿಸಿತೆಂಬುದಕ್ಕೆ ನಾನು ಸಾಕ್ಷಿ. ತಂದೆ ಏನೂ ಹೇಳಲಿಲ್ಲ. ತಾಯಿ, ಒಂದು ವರ್ಷ ನೋಡೋಣ ಎಂದು ಮಗಳ ಪಕ್ಕ ನಿಂತರು. ಈಗ ಸುಧಾ ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಮಾವ ಮತ್ತೆ ಫೋನ್ ಮಾಡುತ್ತಾರೆ, ನೀಟ್ ಬರೆಯಲೇಬೇಕೆನ್ನುತ್ತಾರೆ. ಬರೆಯುತ್ತೇನೆ, ಆದರೆ ಸೀಟು ಸಿಕ್ಕರೆ ಸೇರುತ್ತೇನೆಂದು ಮಾತು ಕೊಡುವುದಿಲ್ಲ ಎಂದು ಅವಳು ಹೇಳಿದ್ದಾಳೆ.

ಆಯ್ಕೆಯೇ ಇಲ್ಲದವರ ಮುಂದೆ

ಸುಧಾಳ ಕಥೆಯನ್ನು ಮಾತ್ರ ಹೇಳಿ ನಿಲ್ಲಿಸಿದರೆ ಈ ಅಧ್ಯಯನ ಅರ್ಧ ಸತ್ಯವಾಗುತ್ತದೆ. ಅದೇ ವೃತ್ತದಲ್ಲಿ ತಂದೆಯನ್ನು ಕಳೆದುಕೊಂಡ ಒಬ್ಬ ಹುಡುಗನಿದ್ದ. ಹತ್ತನೇ ತರಗತಿ ಮುಗಿದ ಕೂಡಲೇ ದುಡಿಯಲೇಬೇಕಾದ ಸ್ಥಿತಿ. ಒಂದು ದಿನ ಅವನು, “ನಂಗೆ ಆಯ್ಕೆನೇ ಇಲ್ಲ ಮೇಡಂ, ನನ್ನನ್ನ ಯಾಕೆ ಕೇಳ್ತೀರಾ?” ಎಂದು ನೇರವಾಗಿ ಕೇಳಿದ. ಬಾಗಿಲುಗಳೇ ಇಲ್ಲದ ಕಡೆ ಯಾವ ಬಾಗಿಲು ಬೇಕೆಂದು ಕೇಳುವುದು ಕ್ರೌರ್ಯ ಎಂಬುದನ್ನು ಆ ಹುಡುಗನಷ್ಟು ಸ್ಪಷ್ಟವಾಗಿ ನನಗೆ ಯಾರೂ ತಿಳಿಸಿಲ್ಲ. ಅಲ್ಲಿಂದ ಮುಂದೆ ವೃತ್ತದ ಪ್ರಶ್ನೆಯನ್ನು ಹಿಗ್ಗಿಸಿದೆವು: ಏನನ್ನು ಆರಿಸುತ್ತೀಯ ಎಂಬುದರ ಜೊತೆಗೆ, ಆರಿಸದೆ ಬಂದದ್ದನ್ನು ಹೇಗೆ ನಡೆಸುತ್ತೀಯ, ಅದರಲ್ಲಿ ಯಾವುದನ್ನು ಬಿಟ್ಟುಕೊಡಲಾರೆ ಎಂಬುದನ್ನೂ ಕೇಳತೊಡಗಿದೆವು. ಅವನು ಅದಕ್ಕೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯಬಾರದೆಂದು ಕೇಳಿಕೊಂಡಿದ್ದಾನೆ. ಆಲೋಚನೆಯ ಜೊತೆಗೆ ಕೈಗೆ ಸಿಗುವ ನೆರವೂ ಬೇಕೆಂಬುದನ್ನು ಮನಗಂಡು ವಿದ್ಯಾರ್ಥಿವೇತನದ ಅರ್ಜಿ, ಹಾಸ್ಟೆಲಿನ ಪ್ರವೇಶ, ಐಟಿಐ ಸೇರ್ಪಡೆ, ದುಡಿಯುತ್ತಲೇ ಮುಕ್ತ ಶಾಲೆಯಲ್ಲಿ ಓದು ಮುಂದುವರಿಸುವ ವಿಧಾನ, ಇವುಗಳ ಮಾಹಿತಿಯನ್ನು ವರ್ಷಕ್ಕೊಮ್ಮೆಯ ಭಾಷಣಕ್ಕೆ ಬಿಡದೆ ವೃತ್ತದ ಜೊತೆಗೇ ಜೋಡಿಸಿದೆವು. ಅವನು ಸಮೀಪದ ಐಟಿಐಗೆ ಸೇರಿ, ರಜಾದಿನಗಳಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದಾನೆ. ಇನ್ನೊಬ್ಬಳು ವೃತ್ತಕ್ಕೆ ಬರುವುದನ್ನು ನಡುವೆಯೇ ಬಿಟ್ಟಳು; ಯೋಚಿಸಿದಷ್ಟೂ ಮನೆಯವರ ಮೇಲೆ ಸಿಟ್ಟು ಹೆಚ್ಚುತ್ತದೆ, ಸಿಟ್ಟಿಟ್ಟುಕೊಂಡು ಅದೇ ಮನೆಯಲ್ಲಿ ಇರುವುದು ಕಷ್ಟ ಎಂದಳು. ಅವಳ ಮಾತಿಗೆ ನನ್ನ ಬಳಿ ಇಂದಿಗೂ ಪೂರ್ತಿ ಉತ್ತರವಿಲ್ಲ.

ಈ ಸಾಲಿನಿಂದ ವೃತ್ತದ ಏರ್ಪಾಡಿನಲ್ಲಿ ಎರಡು ಬದಲಾವಣೆ ಮಾಡಿದ್ದೇವೆ. ಪೋಷಕರ ಸಭೆ ಆತಂಕ ಹುಟ್ಟಿದ ಮೇಲೆ ನಡೆಯುವುದಿಲ್ಲ, ಮೊದಲ ತಿಂಗಳಲ್ಲೇ ನಡೆಯುತ್ತದೆ. ಮತ್ತು ಅದಕ್ಕೆ ತಂದೆತಾಯಿಯರ ಜೊತೆಗೆ ಮಗುವಿನ ಓದಿನ ಖರ್ಚು ಹೊತ್ತ ಅಜ್ಜಿ, ಅಣ್ಣ, ಚಿಕ್ಕಪ್ಪ, ಸೋದರಮಾವ ಯಾರೇ ಆಗಿರಲಿ, ಅವರ ಹೆಸರು ಹಿಡಿದು ಪತ್ರ ಹೋಗುತ್ತದೆ. ಆ ಪತ್ರವನ್ನು ಮಕ್ಕಳೇ ಬರೆಯುತ್ತಾರೆ.